ಡಬ್ಬಿಗೆ ಮುತ್ತಿದ ಇರುವೆ

ಹೋದ ವಾರ ಬೆಳಿಗ್ಗೆ ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದರೆ ಸಿಂಕಿನ ಅಂಚಿನ ಮೇಲೆ ಇರುವೆಗಳ ಸಾಲು. ಸಾಲಿನ ಕೊನೆಗೆ ಒಂದು ಚಮಚ. ಮೊಮ್ಮಗಳಿಗೆ ನಾಲ್ಕು ದಿನದಿಂದ ಹೊಟ್ಟೆ ಕಟ್ಟಿತ್ತು. ಡಾಕ್ಟರು ಯಾವುದೋ ಸಿಹಿ ಔಷಧಿ ಬರೆದುಕೊಟ್ಟಿದ್ದರು, ಸೊಸೆ ಅದನ್ನು ಕುಡಿಸಿ ಚಮಚ ತೊಳೆಯುವುದನ್ನು ಮರೆತಿದ್ದಳು. ಚಮಚವನ್ನು ಮೂಗಿನ ಹತ್ತಿರ ತಂದೆ, ಬಾಟಲಿಯ ಮೇಲಿನ ಹೆಸರನ್ನೂ ಓದಿದೆ. ಅದೇ ಔಷಧಿ. ಅಡುಗೆಕಟ್ಟೆ ಹಿಡಿದು ನಿಂತುಬಿಟ್ಟೆ.

"ಅಮ್ಮಾ, ಏನಾಯ್ತು? ಚಕ್ಕರ್ ಬಂತಾ?" ಎಂದು ಸೊಸೆ ಓಡಿ ಬಂದಳು.

"ಏನಿಲ್ಲ. ಹುಡುಗಿ ಸಂಡಾಸಕ್ಕ ಹೋದ್ಲೇನು?"

"ಹೋದ್ಲಂತೆ."

"ಅಂತೆ ಬ್ಯಾಡ. ನೀ ನೋಡಿದಿ?"

ಮುದುಕಿಗೆ ತಲೆ ಕೆಟ್ಟಿದೆ ಎಂಬಂತೆ ಆಕೆ ನನ್ನನ್ನು ನೋಡಿದಳು. ನೋಡಲಿ. ಆಕೆಗೆ ಭಾಂಡುಪಿನ ಆ ಮಳೆಗಾಲ ಗೊತ್ತಿಲ್ಲ. ನನಗೆ ಅದನ್ನು ಮರೆಯಲು ಇಷ್ಟು ವರ್ಷ ಸಾಲದೇ ಹೋಗಿದೆ.

ಎಮರ್ಜನ್ಸಿ ಮುಗಿದ ಮರುವರ್ಷದ ಮಾತು. ನನಗೆ ಹತ್ತೊಂಬತ್ತು ವಯಸ್ಸು. ಇಳಕಲ್ಲಿನ ಕಡೆಯ ಹಳ್ಳಿಯಿಂದ ಮದುವೆಯಾಗಿ ಮುಂಬಯಿಗೆ ಬಂದು ಒಂದೂವರೆ ವರ್ಷವಾಗಿತ್ತು. ಭಾಂಡುಪಿನ ಗುಡ್ಡದ ಬುಡದಲ್ಲಿ ಒಂದು ಚಾಳ್, ಅದರಲ್ಲಿ ನಮ್ಮದೊಂದು ಖೋಲಿ. ಖೋಲಿಯಲ್ಲಿ ನಾವು ಮೂರೇ ಜನ: ನಾನು, ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮವರು, ಮತ್ತು ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಗೌಂಡಿ ಕೆಲಸದವರು. ಪವಾಯಿ ಕೆರೆಯ ದಂಡೆಯಲ್ಲಿ ಎದ್ದ ದೊಡ್ಡ ದೊಡ್ಡ ಕಟ್ಟಡಗಳ ಅರ್ಧ ಗೋಡೆ ತಾವೇ ಕಟ್ಟಿದ್ದೆಂದು ಹೇಳಿಕೊಳ್ಳುತ್ತಿದ್ದರು. ಉಳಿದರ್ಧ ಯಾರು ಕಟ್ಟಿದರೆಂದು ಕೇಳಿದರೆ, "ಅದು ಸೊಟ್ಟ ಐತಿ ನೋಡು" ಎನ್ನುತ್ತಿದ್ದರು.

ಆದರೆ ಹೀಗೆ ಕೇಳುವವರು ಬೇರೆಯವರು, ನಾನಲ್ಲ. ನಮ್ಮ ಕಡೆ ಸೊಸೆಯಾದವಳು ಮಾವನ ಎದುರಿಗೆ ಬಾಯಿ ತೆರೆಯುತ್ತಿರಲಿಲ್ಲ. ಇದೇನು ಅವರು ಹಾಕಿದ ಕಟ್ಟಳೆಯಲ್ಲ, ನಮ್ಮವ್ವ ನನಗೆ ಕಲಿಸಿ ಕಳಿಸಿದ ಮರ್ಯಾದೆ. ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ. ಅವರೂ ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆಗೆ ಹೇಳುತ್ತಿದ್ದರು. "ಚಾ ಆಗಿದ್ರ ಒಂದೀಟು ಕುಡೀಬಹುದಿತ್ತು" ಎಂದು ಗೋಡೆಗೆ ಹೇಳಿದರೆ ನಾನು ಬಳೆ ಒಮ್ಮೆ ಅಲುಗಿಸುತ್ತಿದ್ದೆ. ಹಾಗೆಂದರೆ ಇದೆ ಎಂದರ್ಥ. ಹಾಲು ತೀರಿದ್ದರೆ ಪಾತ್ರೆಯ ಮುಚ್ಚಳ ಸ್ವಲ್ಪ ಜೋರಾಗಿ ಇಡುತ್ತಿದ್ದೆ. ಒಂದೂವರೆ ವರ್ಷ ಹೀಗೆಯೇ ನಡೆಯಿತು. ಒಂದು ಜಗಳವಿಲ್ಲ, ಒಂದು ಮಾತೂ ಇಲ್ಲ.

ಆ ಬೇಸಿಗೆಯಲ್ಲಿ ಮಾವನ ಹೊಟ್ಟೆ ಉಬ್ಬಿತು. ಕಾಲಿನ ಮೇಲೆ ಬೆರಳಿಟ್ಟು ಒತ್ತಿದರೆ ಕುಳಿ ಬೀಳುತ್ತಿತ್ತು. ಚಾಳಿನವರು ಕುಡುಕ ಎಂದು ಮಾತಾಡಿಕೊಂಡರು. ಮಾವ ಒಂದು ಗುಟುಕು ಮುಟ್ಟಿದವರಲ್ಲ, ಎಂದೋ ಹರೆಯದಲ್ಲಿ ಕಾಮಾಲೆಯಾಗಿತ್ತಂತೆ. ನಗರಪಾಲಿಕೆಯ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು, ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದು, ಲಿವರ್ ಕೆಟ್ಟಿದೆ, ಇನ್ನು ಅದು ಸರಿಹೋಗುವುದಿಲ್ಲ, ಜೋಪಾನ ಮಾಡಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಆ ವಾರ್ಡಿನಲ್ಲಿ ಲಿಲ್ಲಿ ಎಂಬ ಮಂಗಳೂರಿನ ಸಿಸ್ಟರ್ ಇದ್ದರು. ನಾನು ಕನ್ನಡದವಳೆಂದು ತಿಳಿದದ್ದೇ ತಡ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು.

"ನೋಡು ಮಾರಾಯ್ತಿ, ನಿನ್ನ ಹೊಟ್ಟೆಯಲ್ಲಿ ಕ್ರಿಮಿ ಉಂಟು, ನನ್ನ ಹೊಟ್ಟೆಯಲ್ಲಿಯೂ ಉಂಟು. ಲೆಕ್ಕ ಇಲ್ಲದಷ್ಟು. ಕರುಳಿನ ಒಳಗೆ ಇರುವಷ್ಟು ದಿನ ಅವುಗಳಿಂದ ಏನೂ ತೊಂದರೆ ಇಲ್ಲ. ಆದರೆ ನಿನ್ನ ಮಾವನ ಲಿವರ್ ಕಲ್ಲಾಗಿದೆಯಲ್ಲ, ಇಂಥವರಿಗೆ ಕರುಳಿನ ಗೋಡೆ ಸಡಿಲ ಆಗ್ತದೆ. ಆ ಕ್ರಿಮಿ ಜಿನುಗಿ ಹೊಟ್ಟೆಯ ನೀರಿಗೆ ಇಳಿದರೆ ಮನುಷ್ಯ ಉಳಿಯುವುದು ಕಷ್ಟ. ಹೊರಗಿಂದ ಯಾರೂ ರೋಗ ತರಬೇಕಂತ ಇಲ್ಲ, ತಿಳೀತಾ?"

ಇನ್ನೊಂದು ಮಾತನ್ನೂ ಹೇಳಿದರು. ಮಲ ಒಳಗೇ ನಿಂತರೆ ಅಲ್ಲಿನ ಕ್ರಿಮಿ ಮಾಡುವ ವಿಷವನ್ನು ಈ ಲಿವರ್ ತಡೆಯಲಾರದು, ಅದು ತಲೆಗೇರಿ ಮನುಷ್ಯನಿಗೆ ಮಂಪರು ಕವಿಯುತ್ತದೆ. ಅದಕ್ಕೆಂದೇ ಈ ಸಿಹಿ ಔಷಧಿ. ದಿನಕ್ಕೆ ಎರಡೋ ಮೂರೋ ಸಲ ಸಡಿಲವಾಗಿ ಹೋಗಬೇಕು, ಎಷ್ಟು ಸಲ ಎಂದು ವಹಿಯಲ್ಲಿ ಬರೆದಿಡಬೇಕು, ಥರ್ಮಾಮೀಟರ್ ಇಟ್ಟು ನೋಡಬೇಕು. ಮತ್ತೆ ಸಂಜೆಗೊಮ್ಮೆ ಕಡ್ಡಿಪೆಟ್ಟಿಗೆಯ ಕಡ್ಡಿಗಳಿಂದ ಐದು ಮೂಲೆಯ ಚುಕ್ಕೆ, ಅಂದರೆ ನಕ್ಷತ್ರ, ಮಾಡಿಸಬೇಕು. "ಚುಕ್ಕೆ ಕೆಟ್ಟಿತು ಅಂದರೆ ತಲೆ ಕೆಡ್ತಾ ಉಂಟು ಅಂತ. ಸ್ವಲ್ಪ ಜ್ವರ ಬಂದರೂ ಕೂತುಕೊಳ್ಳಬೇಡ, ಕರ್ಕೊಂಡು ಬಾ."

ಆ ದಿನದಿಂದ ನನಗೆ ಹಿಡಿದ ಹೆದರಿಕೆ ಬೇರೆಯೇ ತರಹದ್ದು. ಮೊದಲು ಗಟಾರದ ನೀರಿಗೆ, ಸೊಳ್ಳೆಗೆ, ಅಂಗಡಿಯ ಬಜ್ಜಿಗೆ ಹೆದರುತ್ತಿದ್ದೆ. ಅವಕ್ಕೆ ದಾರಿ ಇತ್ತು: ನೀರು ಕಾಯಿಸು, ಪರದೆ ಕಟ್ಟು, ಬಜ್ಜಿ ತಿನ್ನಬೇಡ. ಈಗ ವೈರಿ ಒಳಗೇ ಕೂತಿದ್ದ. ರೊಟ್ಟಿ ಬಡಿಯುತ್ತಿದ್ದರೂ ನನ್ನ ಕಣ್ಣು ಬನಿಯನ್ನಿನ ಕೆಳಗಿನ ಆ ಹೊಟ್ಟೆಯ ಕಡೆಗೇ ಹೋಗುತ್ತಿತ್ತು. ಅವರು ಸುಮ್ಮನೆ ಮಗ್ಗಲು ಬದಲಿಸಿದರೂ ರೊಟ್ಟಿ ಬಿಟ್ಟು ತಿರುಗಿ ನೋಡುತ್ತಿದ್ದೆ.

ಔಷಧಿ ಕೊಡುವುದು ಸುಲಭ. ಬಟ್ಟಲಿಗೆ ಅಳೆದು ಹಾಕಿ ಅವರ ಪಕ್ಕ ಇಟ್ಟು, ನಾನು ಒಲೆಯ ಕಡೆ ತಿರುಗಿ ಕೂರುತ್ತಿದ್ದೆ. ಕಡ್ಡಿಪೆಟ್ಟಿಗೆಯನ್ನೂ ಹಾಗೆಯೇ ಇಡುತ್ತಿದ್ದೆ. ಗೌಂಡಿಯ ಕೈ, ದಾರಕ್ಕೆ ಕಟ್ಟಿದ ಓಳಂಬದ ಗುಂಡು ಇಳಿಬಿಟ್ಟು ಗೋಡೆಯ ನೇರ ನೋಡಿದ ಕಣ್ಣು. ಒಂದು ನಿಮಿಷದಲ್ಲಿ ನೆಲದ ಮೇಲೆ ಅಂಥ ಚುಕ್ಕೆ ಮೂಡುತ್ತಿತ್ತು, ಅಳಿಸಲು ಮನಸ್ಸಾಗುತ್ತಿರಲಿಲ್ಲ. ಆದರೆ ವಹಿಯಲ್ಲಿ ಬರೆಯುವುದು ಹೇಗೆ? 'ಇವತ್ತು ಎಷ್ಟು ಸಲ ಹೋದಿರಿ' ಎಂದು ಮಾವನನ್ನು ಕೇಳುವುದೆಂದರೆ! ಅದಕ್ಕೆ ಬಳೆಯ ಭಾಷೆಯಲ್ಲೂ ಶಬ್ದವಿರಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಪಾಳಿ ಮುಗಿಸಿ ಬಂದು ಅಂಗಿ ಕಳಚುತ್ತಲೇ ಕೇಳಿದರು: "ಅಪ್ಪಾ, ಎಲ್ಲಾ ಸರಿ ಆಗಾಕತ್ತೈತೇನು?"

"ಹೂಂ."

ತಂದೆ ಮಗನ ಮಾತು ಅಲ್ಲಿಗೆ ಮುಗಿಯಿತು.

ಆಗ ನಾನೇ ಒಂದು ಉಪಾಯ ಹುಡುಕಿದೆ. ಚಾಳಿನ ಸಂಡಾಸು ಗ್ಯಾಲರಿಯ ಕೊನೆಗೆ, ಮೆಟ್ಟಿಲಿಳಿದು ಹೋಗಬೇಕು. ಪ್ರತಿ ಮನೆಯ ಬಾಗಿಲ ಹೊರಗೆ ಮೊಳೆಗೆ ಸಂಡಾಸಕ್ಕೆ ನೀರು ಒಯ್ಯುವ ಒಂದು ಡಬ್ಬಿ. ಮಾವನದು ತಂತಿಯ ಹಿಡಿಕೆ ಕಟ್ಟಿದ ಹಳೆಯ ತುಪ್ಪದ ಡಬ್ಬಿ. ಅದನ್ನು ಅವರ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಮೊಳೆಯಿಂದ ತೆಗೆಯುವಾಗ ಒಂದು ಸದ್ದು, ಹೊರಗಿನ ಪೀಪಾಯಿಯಿಂದ ನೀರು ತುಂಬುವ ಸದ್ದು, ಮರಳಿ ತೂಗುಹಾಕುವಾಗ ಒಂದು ಸದ್ದು. ಸದ್ದು ಎಣಿಸಿದೆ, ವಹಿಯಲ್ಲಿ ಬರೆದೆ. ಎರಡು. ಮೂರು. ಎರಡು. ಲಿಲ್ಲಿ ಸಿಸ್ಟರ್ ಹದಿನೈದು ದಿನಕ್ಕೊಮ್ಮೆ ವಹಿ ನೋಡಿ "ಚೆಂದ ಬರೆದಿದ್ದಿ" ಎಂದು ಬೆನ್ನು ತಟ್ಟಿದಾಗ ನಾನು ಹಿಗ್ಗಿ ಹೋಗಿದ್ದೆ. ನನ್ನಷ್ಟು ಜಾಣೆ ಇಡೀ ಭಾಂಡುಪಿನಲ್ಲಿ ಇಲ್ಲವೆಂದುಕೊಂಡಿದ್ದೆ.

ಮಳೆ ಹಿಡಿಯಿತು. ಗುಡ್ಡದಿಂದ ಕೆಂಪು ನೀರು ಇಳಿದು ಚಾಳಿನ ಮುಂದೆ ಹರಿಯತೊಡಗಿತು. ಗೋಡೆಗೆ ಬೂಸು ಬಂತು, ಬಟ್ಟೆ ಒಣಗುವುದು ನಿಂತಿತು. ಅಂಥದರಲ್ಲಿ ಒಂದು ಬೆಳಿಗ್ಗೆ ಮಾವ ತಮ್ಮ ಧೋತರ ತಾವೇ ನಳದ ಕೆಳಗೆ ಹಿಂಡುತ್ತಿದ್ದುದನ್ನು ಕಂಡೆ. ಸೊಸೆ ಇರುವಾಗ ಮಾವ ಬಟ್ಟೆ ಒಗೆಯುವುದೇ? ನನ್ನಿಂದ ಏನು ತಪ್ಪಾಯಿತೋ ಎಂದು ಇಡೀ ದಿನ ಪೇಚಾಡಿದೆ. ಕೇಳಲು ಬಾಯಿಲ್ಲವಲ್ಲ.

ಅದರ ಮರುದಿನದಿಂದ ಡಬ್ಬಿಯ ಸದ್ದು ಹೆಚ್ಚಿತು. ನಾಲ್ಕು. ಐದು. ಒಂದು ದಿನ ಆರು. ಒಳ್ಳೆಯದೇ ಆಯಿತು, ಹೋದಷ್ಟೂ ಕ್ರಿಮಿ ಹೊರಗೆ ಎಂದು ನನ್ನ ದಡ್ಡ ಲೆಕ್ಕ. ಆದರೆ ಮಾವ ಹಗಲಲ್ಲಿ ನಿದ್ದೆ ಮಾಡತೊಡಗಿದರು. ಅನ್ನದ ಮುಂದೆ ಕೂತು ಕೈ ಹಾಕುವುದನ್ನೇ ಮರೆಯುತ್ತಿದ್ದರು. ಚುಕ್ಕೆಯ ಒಂದು ಮೂಲೆ ಕೂಡದೆ ತೆರೆದೇ ಉಳಿಯಿತು. ನಮ್ಮವರು ಅದನ್ನು ನೋಡಿ, "ದಣಿವಾಗೈತಿ, ಬಿಡು" ಎಂದರು.

ಆ ಸೋಮವಾರ ಮಳೆ ಸ್ವಲ್ಪ ಬಿಟ್ಟಿತ್ತು. ಬಾಗಿಲ ಹೊರಗೆ ಕಸ ಗುಡಿಸಲು ಹೋದವಳಿಗೆ ಗೋಡೆಯ ಮೇಲೆ ಇರುವೆ ಕಂಡವು. ನೆಲದಿಂದ ಹತ್ತಿ, ಮೊಳೆಯವರೆಗೆ ಹೋಗಿ, ಮಾವನ ಡಬ್ಬಿಯ ಒಳಗೆ ಇಳಿಯುತ್ತಿದ್ದವು. ಸಂಡಾಸಿನ ಡಬ್ಬಿಗೆ ಇರುವೆ ಯಾಕೆ ಬರಬೇಕು? ಹಿಂದೆ ಮುಂದೆ ನೋಡಿ, ಮುಟ್ಟಬಾರದ ಆ ಡಬ್ಬಿಯನ್ನು ಮುಟ್ಟಿದೆ. ತಳ ಅಂಟಂಟು. ಬೆರಳು ಮೂಗಿಗೆ ತಂದರೆ ಅದೇ ಔಷಧಿಯ ಸಿಹಿ.

ಡಬ್ಬಿಯನ್ನು ಮರಳಿ ಮೊಳೆಗೆ ಹಾಕುವಾಗ ಎಲ್ಲ ಹೊಳೆಯಿತು. ನಾನು ಒಲೆಯ ಕಡೆ ತಿರುಗಿದ ಕೂಡಲೇ ಮಾವ ಬಟ್ಟಲನ್ನು ಬಾಗಿಲಾಚೆ ಒಯ್ದು ಡಬ್ಬಿಗೆ ಸುರಿದುಕೊಂಡು, ಮೇಲೆ ನೀರು ತುಂಬಿ, ಕೆಳಗೆ ಹೋಗಿ ಗಟಾರಕ್ಕೆ ಚೆಲ್ಲಿ ಬರುತ್ತಿದ್ದರು. ನನ್ನ ವಹಿ ತುಂಬಲೆಂದೇ ಐದೈದು ಸಲ ಡಬ್ಬಿ ಹಿಡಿದು ತಿರುಗುತ್ತಿದ್ದರು. ನಾನು ಎಣಿಸುವುದು ಅವರಿಗೆ ಗೊತ್ತಿತ್ತು.

ಈಗ ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ನಾನು ಎರಡು ದಿನ ಯಾರಿಗೂ ಹೇಳಲಿಲ್ಲ. ನಮ್ಮವರದು ಮುಂಗೋಪ, ಹೇಳಿದರೆ ತಂದೆಯ ಮೇಲೆ ಕೂಗಾಡುತ್ತಿದ್ದರು, ಅದು ಇಡೀ ಚಾಳಿಗೆ ಕೇಳುತ್ತಿತ್ತು. ಮಾವ ಸುಳ್ಳುಗಾರ ಎಂದು ಸೊಸೆ ಹೇಗೆ ಹೇಳಬೇಕು? ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಮಂಗಳವಾರ ಥರ್ಮಾಮೀಟರಿನಲ್ಲಿ ಪಾದರಸ ಕೆಂಪು ಗೆರೆಯನ್ನು ಒಂದಿಷ್ಟು ದಾಟಿತ್ತು. ಮೋಡದ ಬೆಳಕಿಗೆ ಸರಿಯಾಗಿ ಕಾಣುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬುಧವಾರ ಮಧ್ಯಾಹ್ನ ನಮ್ಮವರು ಕೆಲಸಕ್ಕೆ ಹೋಗಿದ್ದರು. ಮಾವ ಹೊಟ್ಟೆ ಹಿಡಿದು ಎದ್ದು ಕೂತು, ನೇರವಾಗಿ ನನ್ನ ಮುಖ ನೋಡಿದರು. ಮೊದಲನೆಯ ಸಲ.

"ಗೌರಾ, ನನ್ನ ಕರಣಿ ಎಲ್ಲಿಟ್ಟೀ? ಗ್ವಾಡಿ ಅರ್ಧಕ್ಕ ನಿಂತೈತಿ."

ಗೌರವ್ವ ಎಂದರೆ ತೀರಿಹೋದ ನನ್ನ ಅತ್ತೆ. ಗಾರೆ ಮೆತ್ತುವ ಆ ಕರಣಿಗೆಂದು ಅವರು ಮುಂದೆ ಚಾಚಿದ ಕೈಗಳು ಪಟಪಟ ಅಲುಗುತ್ತಿದ್ದವು. ಪಕ್ಕದ ಖೋಲಿಯ ಕುಸುಮ್‌ಬಾಯಿಯನ್ನು ಕೂಗಿದೆ. ಆಕೆ ಒಮ್ಮೆ ನೋಡಿದವಳೇ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಾವನ ಒಂದು ರಟ್ಟೆ ಹಿಡಿದಳು. ಇನ್ನೊಂದನ್ನು ನಾನು ಹಿಡಿದೆ. ಮಾವನನ್ನು ಮುಟ್ಟಿದ್ದೂ ಅದೇ ಮೊದಲು. ಚರ್ಮ ಸುಡುತ್ತಿತ್ತು.

ಸ್ಟೇಷನ್ನಿನಲ್ಲಿ ಬಂದ ಲೋಕಲ್ ರೈಲಿನ ಹೆಂಗಸರ ಡಬ್ಬಕ್ಕೇ ಹತ್ತಿಸಿದೆವು. ಒಳಗಿದ್ದವರು ಗಂಡಸೆಂದು ಕೂಗಾಡಿದಾಗ ಕುಸುಮ್‌ಬಾಯಿ ಅವರಿಗಿಂತ ಜೋರಾಗಿ, "ಆಜಾರಿ ಮಾಣೂಸ್ ಆಹೆ, ದಿಸತ್ ನಾಹೀ ಕಾ?" ಎಂದಳು. ರೋಗಿ ಮನುಷ್ಯ, ಕಾಣುವುದಿಲ್ಲವೇ ಎಂದದ್ದೇ ಜಾಗ ಬಿಟ್ಟರು. ವಿಕ್ರೋಲಿ ದಾಟಿದ ಮೇಲೆ ಗಾಡಿ ನಿಂತಿತು. ಮುಂದೆ ಹಳಿಯ ಮೇಲೆ ನೀರು. ಕಿಟಕಿಯ ಆಚೆ ಮಳೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಾವ ನನ್ನ ಭುಜಕ್ಕೆ ತಲೆಯಿಟ್ಟು ತೂಕಡಿಸುತ್ತಿದ್ದರು. ಅವರ ಹೊಟ್ಟೆಯ ಒಳಗೆ ನೀರು, ನಮ್ಮ ಸುತ್ತಲೂ ನೀರು, ನನ್ನ ಮಡಿಲಲ್ಲಿ ಸುಳ್ಳು ಅಂಕಿಗಳ ವಹಿ. ಇವರು ಇಲ್ಲೇ ಹೋದರೆ ಕೊಂದವಳು ನಾನೇ ಎಂದು ಅನ್ನಿಸಿತು. ಗಾಡಿ ಮತ್ತೆ ಹೊರಟಾಗ ಎಷ್ಟು ಹೊತ್ತಾಗಿತ್ತೋ ತಿಳಿಯದು.

ಆಸ್ಪತ್ರೆಯಲ್ಲಿ ಹೊಸ ಡಾಕ್ಟರು, ಮರಾಠಿಯವರು, ಇನ್ನೂ ಹುಡುಗರಂತಿದ್ದರು. ಮಾವನ ಕಣ್ಣು, ಕೈ ನೋಡಿ ವಹಿ ಕೇಳಿದರು. ಪುಟ ತಿರುವುತ್ತ ಹುಬ್ಬು ಗಂಟಿಕ್ಕಿದರು. ಲಿಲ್ಲಿ ಸಿಸ್ಟರ್ ಪಕ್ಕದಲ್ಲೇ ಇದ್ದರು, ನನಗೆ ತಿಳಿಸಿ ಹೇಳಿದರು: "ದಿನಕ್ಕೆ ಐದಾರು ಸಲ ಭೇದಿ ಆಗಿದೆಯಲ್ಲ, ಮೈಯ ನೀರೆಲ್ಲ ಹೋಗಿ ಹೀಗಾಗಿದೆ ಅಂತಾರೆ. ಆ ಸಿಹಿ ಔಷಧಿ ನಿಲ್ಲಿಸ್ತಾರಂತೆ."

ನಿಲ್ಲಿಸುವುದೇ? ಒಳಗೆ ಎಷ್ಟು ದಿನದ್ದು ಕಟ್ಟಿದೆಯೋ, ಅದನ್ನು ಹೊರಗೆ ತರುವ ಒಂದೇ ಔಷಧಿಯನ್ನು ನನ್ನ ವಹಿ ನೋಡಿ ನಿಲ್ಲಿಸುತ್ತಿದ್ದರು. ಮಾವ ಎರಡು ಮಾರು ದೂರದ ಮಂಚದ ಮೇಲೆ ಕಣ್ಣು ಅರೆತೆರೆದು ಮಲಗಿದ್ದರು. ಬಳೆ ಅಲುಗಿಸಿದರೆ ಇಲ್ಲಿ ಯಾರಿಗೆ ತಿಳಿಯುತ್ತದೆ?

"ಬರೆದದ್ದು ಖರೆ ಅಲ್ಲ!" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ. ಇಡೀ ವಾರ್ಡು ತಿರುಗಿ ನೋಡಿತು. "ಅವರು ಸಂಡಾಸಕ್ಕ ಹೋಗೇ ಇಲ್ರಿ ಸಿಸ್ಟರ್. ನಾ ಡಬ್ಬಿ ಎಣಿಸೀನಿ. ಔಷಧಿ ಎಲ್ಲಾ ಡಬ್ಬಿಗೆ ಹಾಕಿ ಚೆಲ್ಲ್ಯಾರ. ಸೋಮವಾರದಿಂದ ನನಗ ಗೊತ್ತೈತಿ, ನಾ ಹೇಳಿಲ್ಲ."

ಲಿಲ್ಲಿ ಸಿಸ್ಟರ್ ಅದನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದರು. ಡಾಕ್ಟರು ವಹಿ ಮುಚ್ಚಿ ನನ್ನ ಕೈಗೇ ಕೊಟ್ಟರು. ಎನಿಮಾ ಕೊಟ್ಟರು, ಸೂಜಿ ಹಾಕಿ ಹೊಟ್ಟೆಯ ನೀರು ತೆಗೆದರು. ಬೇಸಿಗೆಯಲ್ಲಿ ತೆಗೆದ ನೀರು ತಿಳಿ ಹಳದಿಯಾಗಿತ್ತು, ನಾನೇ ನೋಡಿದ್ದೆ. ಈ ಸಲ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು.

"ಕ್ರಿಮಿ ಇಳಿದಿದೆ," ಎಂದರು ಸಿಸ್ಟರ್.

ಒಂಬತ್ತು ದಿನ ಇಂಜೆಕ್ಷನ್. ಮೊದಲ ಮೂರು ದಿನ ಅವರು ಉಳಿಯುವ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ನಮ್ಮವರು ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಯೂ ಕೂಗಾಡಲಿಲ್ಲ, ಅದರಿಂದಲೇ ನನಗೆ ಇನ್ನೂ ಭಯವಾಯಿತು. ಒಂದು ದಿನ ಲಿಲ್ಲಿ ಸಿಸ್ಟರನ್ನು ಕೇಳಿದೆ, ನಾನು ಸೋಮವಾರವೇ ಹೇಳಿದ್ದರೆ?

"ಗೊತ್ತಿಲ್ಲ ಮಾರಾಯ್ತಿ. ಔಷಧಿ ಸರಿ ಕುಡಿದವರಿಗೂ ಹೀಗೆ ಆಗ್ತದೆ. ಬೇಗ ಬಂದಿದ್ದರೆ ಇಷ್ಟು ಕಷ್ಟ ಆಗ್ತಿರಲಿಲ್ಲವೋ ಏನೋ." ಒಂದು ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. ಆ ಸಿಟ್ಟು ನನಗೆ ಬಹಳ ವರ್ಷ ಇತ್ತು. ಈಗಿಲ್ಲ.

ಐದನೆಯ ದಿನ ಬೆಳಿಗ್ಗೆ ಗಂಜಿಯ ಬಟ್ಟಲು ಇಟ್ಟು ನಾನು ತಿರುಗುತ್ತಿದ್ದಂತೆ ಮಾವ ಗೋಡೆಗೆ ಹೇಳಿದರು:

"ನಮ್ಮ ಸೊಸಿ ದನಿ ಇಷ್ಟ್ ಜೋರೈತಂತ ನನಗ ಗೊತ್ತಿರಲಿಲ್ಲ."

ಅವರು ಗೋಡೆಯನ್ನೇ ನೋಡುತ್ತ ಮತ್ತೆ ಹೇಳಿದರು:

"ಸಂಡಾಸದ ಲೈನಿನ್ಯಾಗ ನಿಂತಿದ್ನಿ. ತಡೀಲಿಲ್ಲ. ಧೋತರದಾಗ ಆತು. ಹೆಣ್ಣಮಕ್ಕಳು ನೀರಿಗೆ ನಿಂತಿದ್ರು, ಎಲ್ಲಾರೂ ನೋಡಿದ್ರು. ಆ ಔಷಧಿ ಕುಡದ್ರ ಮತ್ತ ಹಂಗ ಆಕ್ಕೈತಿ. ಅದಕ್ಕಿಂತ ಸಾಯೂದು ಚಲೋ ಅನಿಸ್ತು."

ನಳದ ಕೆಳಗೆ ಅವರು ಹಿಂಡುತ್ತಿದ್ದ ಧೋತರ ಕಣ್ಣ ಮುಂದೆ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಆಮೇಲೆ ಕುಸುಮ್‌ಬಾಯಿಗೆ ಎಲ್ಲ ಹೇಳಿದೆ. ಆಕೆ ಚಾಳಿನ ನಳದ ಮುಂದೆ ನಿಂತು, ಇನ್ನು ಮೇಲೆ ಈ ಬಾಬಾ ಬಂದರೆ ಲೈನು ಬಿಡಬೇಕು, ಯಾರಾದರೂ ಹಲ್ಲು ಕಿಸಿದರೆ ನನ್ನ ಕೈಗೆ ಸಿಗುತ್ತೀರಿ ಎಂದು ಸಾರಿದಳು. ಆಕೆಯ ಕೈಗೆ ಸಿಗುವ ಆಸೆ ಚಾಳಿನಲ್ಲಿ ಯಾರಿಗೂ ಇರಲಿಲ್ಲ.

ಮಾವ ಮತ್ತೆ ಎಂಟು ತಿಂಗಳು ಬದುಕಿದರು. ಆಮೇಲೆ ಅದೇ ಜ್ವರ, ಅದೇ ಮಬ್ಬು ನೀರು ಅವರನ್ನು ಕರೆದೊಯ್ಯಿತು. ಆ ಸಲ ವಹಿಯಲ್ಲಿ ತಪ್ಪಿರಲಿಲ್ಲ, ಔಷಧಿ ಒಂದು ಹೊತ್ತೂ ತಪ್ಪಿರಲಿಲ್ಲ. ಹೀಗಾಗಿ ಯಾರ ತಪ್ಪೂ ಇರಲಿಲ್ಲ ಎಂದು ನಮ್ಮವರು ನನಗೆ ಎಷ್ಟೋ ಸಲ ಹೇಳಿದರು. ನಾನು ಹೌದೆನ್ನುತ್ತಿದ್ದೆ.

ಆದರೆ ಹೋದ ವಾರ ಚಮಚ ಹಿಡಿದು ನಿಂತಾಗ ನೆನಪಾದದ್ದು ಅವರ ಸಾವಲ್ಲ, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನದ ಸಂಜೆ. ಅವತ್ತು ಔಷಧಿಯ ಬಟ್ಟಲು ಇಟ್ಟು ನಾನು ಒಲೆಯ ಕಡೆ ತಿರುಗಲಿಲ್ಲ, ಅವರು ಕುಡಿಯುವವರೆಗೂ ಅಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಡಬ್ಬಿ ಮೊಳೆಯಿಂದ ಇಳಿಯಿತು. ನೀರಿನ ಸದ್ದು. ಮಳೆ ಸಣ್ಣಗೆ ಜಿನುಗುತ್ತಿತ್ತು. ಬಹಳ ಹೊತ್ತಿನ ಮೇಲೆ ಡಬ್ಬಿ ಮರಳಿ ಮೊಳೆಗೆ ತಾಗಿದ ಸದ್ದಾಯಿತು. ಮಾವ ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ನಾನು ವಹಿ ತೆರೆದು ಪೆನ್ಸಿಲ್ ಹಿಡಿದೆ, ಆದರೆ ಸದ್ದನ್ನಷ್ಟೇ ನಂಬಿ ಬರೆಯಲಾಗಲಿಲ್ಲ. ಸೆರಗು ಮುಂದೆ ಎಳೆದುಕೊಂಡು ಕೇಳಿದೆ:

"ಮಾವಾರ, ಆತೇನ್ರಿ?"

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಕಿವಿ ಕೆಂಪಾಗಿದ್ದವು.

"ಆತವ್ವಾ," ಎಂದರು. "ಖರೇನ ಆತು."

ನಾನು ಒಂದು ಎಂದು ಬರೆದೆ. ಆಮೇಲೆ, ಅವರು ಕಣ್ಣು ಮುಚ್ಚಿ ಒರಗಿದ ಮೇಲೆ, ಸದ್ದಾಗದಂತೆ ಬಾಗಿಲ ಹೊರಗೆ ಹೋಗಿ ಡಬ್ಬಿಯ ತಳಕ್ಕೆ ಬೆರಳು ಹಚ್ಚಿ ನೋಡಿದೆ. ಅಂಟು ಇರಲಿಲ್ಲ, ಬರೀ ನೀರಿತ್ತು.